ಕಾಯಿಲೆ ಇಲ್ಲದ ಊರಿನ ಮಾತ್ರೆಗಳು

ಮಂಚಮ್ಮ ಎದೆ ಒತ್ತಿಕೊಂಡು ಕೆಮ್ಮಿದರು, ಸೆರಗಿನಿಂದ ಬಾಯಿ ಒರೆಸಿಕೊಂಡರು, ಆಮೇಲೆ ತಮ್ಮ ಮನೆಯಲ್ಲಿ ಕೆಮ್ಮು ಅಂದರೆ ಏನೆಂದೇ ಯಾರಿಗೂ ಗೊತ್ತಿಲ್ಲ ಎಂದು ನಗುನಗುತ್ತಾ ಹೇಳಿದರು.

“ಮಂಡಿ ನೋವು?” ಎಂದು ಇಂದಿರ ಕೇಳಿದಳು.

“ನಂಗ್ಯಾಕ್ ಬಂದಾದು ಅಮ್ಮಾವ್ರೇ?” ಎಂದವರು ಕಾಫಿ ತರಲು ಏಳಹೋದರು. ಜಗಲಿಯ ಕಂಬ ಹಿಡಿದು, ಶಿವನನ್ನು ನೆನೆದು, ಎರಡನೇ ಸಲದ ಪ್ರಯತ್ನಕ್ಕೆ ಎದ್ದರು.

ನಾನು ಇಂದಿರಳ ಮುಖ ನೋಡಿದೆ. ಅವಳು ಕಿಟಕಿ ನೋಡುತ್ತಿದ್ದಳು. ಅಲ್ಲಿ ಬಾಚಣಿಗೆಯ ಪಕ್ಕ ಅರ್ಧ ಖಾಲಿಯಾದ ಮಾತ್ರೆ ಶೀಟು ಬಿದ್ದಿತ್ತು. ಮಂಚಮ್ಮ ಎರಡು ಲೋಟ ಹಿಡಿದು ವಾಪಸ್ಸು ಬರುವಾಗ ಮೊಣಕೈಯಿಂದ ಅದನ್ನು ಮೆಲ್ಲಗೆ ಕನ್ನಡಿಯ ಹಿಂದಕ್ಕೆ ತಳ್ಳಿದರು. ಕೈ ಎರಡೂ ತುಂಬಿರುವಾಗ ಸಾಕ್ಷ್ಯ ಬಚ್ಚಿಡುವ ವಿದ್ಯೆಯನ್ನು ನಾನು ಅಂದೇ ಕಂಡದ್ದು.

ಇಷ್ಟೆಲ್ಲ ಯಾಕೆ ಎಂದು ಹೊಸಬರಿಗೆ ಒಂದು ಮಾತು. ನಾಲ್ಕು ತಾಲ್ಲೂಕಿನ ಆರೋಗ್ಯ ಸೇವೆಯನ್ನು ಹೊಸದಾಗಿ ಹೆಣೆದುಕೊಡಿ, ಉಳ್ಳ ಊರು ಇಲ್ಲದ ಊರು ಎಂಬ ಭೇದ ತೆಗೆಯಿರಿ ಎಂದು ಒಂದು ಸಮಿತಿಯು ಪುಣೆಯಿಂದ ಸಲಹೆಗಾರರನ್ನು ಕರೆಸಿತ್ತು. ಕ್ಯಾತನಹಳ್ಳಿ ಪಕ್ಕದ ಈ ಅತ್ತೀಕೊಪ್ಪಲಿನಲ್ಲಿ ಕಾಯಿಲೆಯೇ ಇಲ್ಲ, ಇಲ್ಲಿನ ಉಪಕೇಂದ್ರ ದಂಡ ಎಂದು ಅವರ ವರದಿ ಹೇಳಿತು. ಆದರೆ ಸುತ್ತಮುತ್ತ ಎಲ್ಲಕ್ಕಿಂತ ಹೆಚ್ಚು ಮಾತ್ರೆ ಖರ್ಚಾಗಿದ್ದು ಇದೇ ಉಪಕೇಂದ್ರದಲ್ಲಿ. ಕಾಯಿಲೆ ಇಲ್ಲದ ಊರಿನಲ್ಲಿ ಮಾತ್ರೆ ನುಂಗಿದವರು ಯಾರು? ಯಾರೂ ಇಲ್ಲ, ನರ್ಸು ಅಮೂಲ್ಯಾ ಅವನ್ನು ಹೊರಗೆ ಮಾರಿಕೊಂಡಿದ್ದಾಳೆ ಎಂದು ಸಮಿತಿಯವರು ಲೆಕ್ಕ ಹಾಕಿದ್ದರು.

ಗುರುವಾರ ಸಭೆ. ಅಂದು ವರದಿ ಒಪ್ಪಿಗೆಯಾದರೆ ಉಪಕೇಂದ್ರಕ್ಕೆ ಬೀಗ, ಅಮೂಲ್ಯಾಳ ಮೇಲೆ ಪೊಲೀಸು ದೂರು. ನಾವು ಮಂಚಮ್ಮನ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದದ್ದು ಮಂಗಳವಾರ.

ಇಂದಿರ ನನ್ನ ಹೆಂಡತಿ. ನಾಗಮಂಗಲದಲ್ಲೂ ಶ್ರೀರಂಗಪಟ್ಟಣದಲ್ಲೂ ಗಣಿತ ಪಾಠ ಮಾಡಿ ನಿವೃತ್ತಳಾದ ಮೇಲೆ ಪತ್ತೇದಾರಿಗೆ ಇಳಿದವಳು. ಕೊಲೆ, ದರೋಡೆ ಎಂದೆಲ್ಲ ಊಹಿಸಿಕೊಳ್ಳಬೇಡಿ. ಹೆಚ್ಚಿನಂಶ ಮದುವೆಗೆ ಮುಂಚಿನ ವಿಚಾರಣೆ: ಹುಡುಗ ಕುಡಿಯುತ್ತಾನೋ, ಹೇಳಿದ ಕೆಲಸ ನಿಜವೋ, ಇಂಥವು. ನಾನು ದೊರೆಸ್ವಾಮಿ. ಹೈಸ್ಕೂಲು ಕಚೇರಿಯಲ್ಲಿ ಫೈಲು ಹೊತ್ತೆ, ಈಗ ಹೆಂಡತಿಯ ಚೀಲ ಹೊರುತ್ತೇನೆ. ಬಡ್ತಿ ಅಂತಲೇ ತಿಳಿದಿದ್ದೇನೆ.

ಮಂಚಮ್ಮ ಕಾಫಿಯ ಜೊತೆಗೆ ಕೋಡುಬಳೆಯನ್ನೂ ತಂದಿಟ್ಟರು. ನರ್ಸಮ್ಮನ ವಿಚಾರ ನಾವಾಗಿ ಎತ್ತುವ ಮೊದಲೇ ಅವರೇ ಎತ್ತಿದರು. ಬಂಗಾರದಂಥ ಹುಡುಗಿಯಂತೆ. ಕೈಗುಣ ಒಳ್ಳೆಯದಂತೆ. ಅವಳು ಮಾಡುವ ಸಾರಿನ ಘಮ ಬೀದಿಯ ಕೊನೆಗೂ ಬರುತ್ತದಂತೆ. ದೊಡ್ಡವರ ಮುಂದೆ ತಲೆ ಎತ್ತಿ ಮಾತಾಡುವವಳಲ್ಲವಂತೆ.

“ನಿಮ್ಗೊಬ್ನೇ ಮಗ್ನಾ ಅಮ್ಮಾವ್ರೇ?” ಎಂದು ಕೊನೆಗೆ ಕೇಳಿದರು.

ಇಂದಿರಳ ಬಾಯಲ್ಲಿ ಕೋಡುಬಳೆ ಇತ್ತು. ನಕ್ಕು ಸುಮ್ಮನಾದಳು. ಮಂಚಮ್ಮನೂ ತುಂಬ ಸಮಾಧಾನದಿಂದ ನಕ್ಕರು. ಹಳ್ಳಿಯ ಹೆಂಗಸರು ಮಕ್ಕಳ ವಿಷಯ ಕೇಳುವುದು ಲೋಕಾರೂಢಿ, ಅದರಲ್ಲೇನು ಅರ್ಥ ಎಂದು ನಾನು ಇನ್ನೊಂದು ಕೋಡುಬಳೆ ತೆಗೆದುಕೊಂಡೆ.

ಎದುರು ಮನೆಯ ಚಿಕ್ಕಸ್ವಾಮಿಯದು ಇನ್ನೂ ಚೆನ್ನ. ಕಬ್ಬು ಬೆಳೆಗಾರ, ಆಜಾನುಬಾಹು. ಬಲಗಾಲಿಗೆ ಹಿಮ್ಮಡಿಯಿಂದ ಬೆರಳಿನವರೆಗೆ ಬಿಳಿ ಪಟ್ಟಿ ಸುತ್ತಿಕೊಂಡು ಕೂತಿದ್ದರು. ಕಾಲಿಗೇನಾಯಿತು ಎಂದರೆ, ಚಪ್ಪಲಿ ಕಚ್ಚಿತು ಎಂದರು. ಕಾಲನ್ನು ಅಷ್ಟು ದೂರ ತಿನ್ನುವ ಚಪ್ಪಲಿಯನ್ನು ನಾನು ಕಂಡಿರಲಿಲ್ಲ. ಅವರ ಹೆಂಡತಿ ನಮಗೆ ಟೀ ಕೊಟ್ಟು, ಗಂಡನಿಗೆ ಬೇರೆ ಲೋಟ ತಂದರು. ಸಕ್ಕರೆ ಇಲ್ಲದ್ದೇ ಎಂದು ಇಂದಿರ ಕೇಳಿದಳು. ಅದು ಅವರ ರುಚಿ, ಚಿಕ್ಕಂದಿನಿಂದ ಹಾಗೇ ಎಂದು ಉತ್ತರ ಬಂತು.

“ನರ್ಸಮ್ಮ ಬಂದ್ಮೇಲೆ ಈ ಊರಲ್ಲಿ ಕಾಯ್ಲೆ ಅನ್ನೋದೇ ಇಲ್ಲ ಬುದ್ದಿ,” ಎಂದು ಚಿಕ್ಕಸ್ವಾಮಿ ನನಗೆ ಖಾತ್ರಿಪಡಿಸಿದರು. ನಾವು ಕಾರು ಹತ್ತುವಾಗ ಎಳನೀರನ್ನೂ ಇಡಿಸಿದರು.

ಉಪಕೇಂದ್ರದಲ್ಲಿ ಅಮೂಲ್ಯಾ ಮುಖ ತೊಳೆದುಕೊಂಡು ಕೂತಿದ್ದಳು. ಅತ್ತಿದ್ದಾಳೆಂದು ಗೊತ್ತಾಗುವಂತಿತ್ತು. ನಾಗಮಂಗಲದ ದೇವಸ್ಥಾನದ ಮನೆತನದ ಹುಡುಗಿ, ಇಂದಿರಳ ಹಳೆಯ ವಿದ್ಯಾರ್ಥಿನಿ, ಸಹಾಯಕ್ಕೆಂದು ನಮ್ಮನ್ನು ಕರೆಸಿದವಳೂ ಅವಳೇ. ಚಿಕ್ಕಸ್ವಾಮಿಯ ಕಾಲಿಗೆ ಅಂದು ಬೆಳಿಗ್ಗೆ ತಾನೇ ಪಟ್ಟಿ ಕಟ್ಟಿದ್ದೇನೆ ಎಂದಳು. ಸಕ್ಕರೆ ಕಾಯಿಲೆಯ ಹುಣ್ಣು, ಒಂದು ವಾರ ಬಿಟ್ಟರೆ ಬೆರಳು ಹೋಗುತ್ತದೆ. ಮಂಚಮ್ಮನಿಗೆ ಬಿ.ಪಿ. ಇದೆ, ಉಬ್ಬಸ ಇದೆ. ಇಬ್ಬರ ಹತ್ತಿರವೂ ನಿಜ ಹೇಳಿ ಎಂದು ಕಾಲು ಹಿಡಿಯುವುದೊಂದು ಬಾಕಿ. ಅವರು ಇವಳ ಕೆನ್ನೆ ಸವರಿ ‘ನೀನ್ ಸುಮ್ಕಿರವ್ವ, ನಾವ್ ನೋಡ್ಕೋತೀವಿ’ ಅನ್ನುತ್ತಾರಂತೆ. ಸಮಿತಿಯ ಅಧಿಕಾರಿ ಜೀಪಿನಲ್ಲಿ ಬಂದು ಕೇಳಿದಾಗಲೂ ಊರಿಗೆ ಊರೇ ತನಗೆ ಗುಂಡುಕಲ್ಲಿನ ಆರೋಗ್ಯ ಎಂದು ಹೇಳಿ ಕಳಿಸಿತ್ತು.

“ಆ ಪುಣೆ ಸಂಸ್ಥೆಯಲ್ಲಿ ನಿನಗೆ ಯಾರಾದರೂ ಗೊತ್ತಾ?” ಎಂದು ಇಂದಿರ ಕೇಳಿದಳು.

“ಸಮೀಕ್ಷೆಗೆ ಬಂದಾಗ ನೋಡಿದ್ದೆ ಮೇಡಂ, ಅಷ್ಟೆ.”

ಹೇಳುವಾಗ ಅವಳು ಆಗಲೇ ತೊಳೆದಿಟ್ಟ ಟ್ರೇಯನ್ನು ಮತ್ತೆ ತೊಳೆಯುತ್ತಿದ್ದಳು. ನನಗೆ ಅದು ಹಿಡಿಸಲಿಲ್ಲ. ಕಾರಿನಲ್ಲಿ ಇಂದಿರಳಿಗೆ ಹಾಗೇ ಹೇಳಿದೆ, ಹುಡುಗಿ ಏನೋ ಮುಚ್ಚಿಡುತ್ತಿದ್ದಾಳೆ ಎಂದು.

“ಊರಿಗೆ ಊರೇ ಮುಚ್ಚಿಡ್ತಿದೆ. ಅವಳೊಬ್ಬಳನ್ನೇ ಯಾಕೆ ಹಿಡ್ಕೋತೀರಿ?” ಅಂದಳು.

ಅವಳ ಮಾತಿನಲ್ಲೂ ನ್ಯಾಯವಿತ್ತು. ಆದರೂ ನನ್ನ ಅನುಮಾನವನ್ನು ನಾನು ಬಿಡಲಿಲ್ಲ.

ವರದಿ ಬರೆದ ತಂಡದ ಮುಖಂಡ ವಿನಯ್ ಕೆ.ಆರ್.ಎಸ್.ನ ಒಂದು ಹೋಟೆಲಿನಲ್ಲಿ ಇಳಿದುಕೊಂಡಿದ್ದ. ಅವನ ಮೇಲೆ ರೇಗಬೇಕೆಂದೇ ನಾನು ಹೋಗಿದ್ದೆ. ಆದರೆ ಹುಡುಗ ನಮ್ಮನ್ನು ಕಂಡೊಡನೆ ತಿಂಡಿ ಬಿಟ್ಟು ಎದ್ದು ನಿಂತ, ಕುರ್ಚಿ ಎಳೆದುಕೊಟ್ಟ, ಫ್ಯಾನಿನ ಗಾಳಿ ಜೋರಾಯಿತೇ ಎಂದು ನನ್ನನ್ನು ಕೇಳಿದ. ಇಂಥವರ ಮೇಲೆ ರೇಗುವುದು ಕಷ್ಟ. ಊರು ಮೈಸೂರೇ, ಕೆಲಸ ಮಾತ್ರ ಪುಣೆ.

ನಿಮ್ಮ ವರದಿಯಿಂದ ಒಬ್ಬ ಹುಡುಗಿಯ ಬಾಳು ಹಾಳಾಗುತ್ತಿದೆ ಎಂದು ಇಂದಿರ ನೇರವಾಗಿ ಹೇಳಿದಳು. ಅವನು ಲೋಟ ಕೆಳಗಿಟ್ಟ. ನಾಗಮಂಗಲದ ಕಡೆ ಒಂದು ಹಟ್ಟಿ ಇದೆ ಮೇಡಂ ಎಂದು ಶುರುಮಾಡಿದ. ಅಲ್ಲಿಯ ಬಸುರಿ ಹೆಂಗಸರು ಬಿ.ಪಿ. ನೋಡಿಸಿಕೊಳ್ಳಲು ಎರಡು ಬಸ್ಸು ಬದಲಿಸಬೇಕು. ದುಡಿಮೆ ಬಿಟ್ಟು ಹೋಗಲಾಗದೆ ಎಷ್ಟೋ ಜನ ಹೋಗುವುದೇ ಇಲ್ಲ. ನರ್ಸುಗಳೇ ಸಾಲದಿರುವಾಗ ಕಾಯಿಲೆ ಇಲ್ಲದ ಊರಿನಲ್ಲಿ ಒಬ್ಬರನ್ನು ಕೂರಿಸುವುದು ಯಾವ ನ್ಯಾಯ?

“ನಾನು ಯಾರ ಮೇಲೂ ಕಳ್ಳತನ ಹೊರಿಸಿಲ್ಲ. ಜನ ಹೇಳಿದ್ದನ್ನ ಬರೆದೆ. ಆ ಉಪಕೇಂದ್ರದ ಸಿಬ್ಬಂದಿ ವಿಚಾರ ಸಮಿತಿಗೆ ಸೇರಿದ್ದು.”

ಹಟ್ಟಿಯ ಮಾತು ಆಡುವಾಗ ಅವನ ಕಣ್ಣು ತೇವವಾಗಿತ್ತು. ಆ ಕಾಳಜಿ ನಾಟಕವಲ್ಲ. ನನಗೆ ಹುಡುಗ ಇಷ್ಟವಾಗಿಬಿಟ್ಟ, ಇಷ್ಟವಾದನಲ್ಲ ಎಂದು ನನ್ನ ಮೇಲೆಯೇ ಕೋಪ ಬಂತು.

ಆ ಹಟ್ಟಿಯವರು ತಮ್ಮ ಕಾಯಿಲೆ ಹೇಳಿಕೊಂಡರೇ ಎಂದು ಇಂದಿರ ವಿಚಾರಿಸಿದಳು. ಹೇಳಿಕೊಳ್ಳುವುದೇನು, ಅಜ್ಜಿಯರು ಊದಿದ ಕಾಲು ಎತ್ತಿ ತೋರಿಸಿದರಂತೆ. ಕೇಳಿದ ಪ್ರಶ್ನೆ ಬೇರೆಯೇ? ಅಲ್ಲ, ಅವೇ. ಕೇಳಿದವರು ಬೇರೆಯೇ? ಅಲ್ಲ, ಅದೇ ಮೂರು ಜನ. ಕಾರೂ ಅದೇನಾ ಎಂದು ಇಂದಿರ ಕೇಳಿದಾಗ ವಿನಯ್‌ಗೆ ನಗು ಬಂತು. ಬೆಳ್ಳೂರಿನ ಹತ್ತಿರ ಕಾರು ಹೊಗೆಯೆದ್ದು ನಿಂತುಬಿಟ್ಟಿತ್ತು. ಹಟ್ಟಿಗೆ ಅವರು ಹೋದದ್ದು ಸರ್ಕಾರಿ ಬಸ್ಸಿನಲ್ಲಿ, ನಿಂತುಕೊಂಡು.

ಇಂದಿರ ನನ್ನ ಕಡೆ ತಿರುಗಿದಳು. ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದಾಗ ಹೀಗೇ ತರಗತಿಯ ಕಡೆ ತಿರುಗುತ್ತಿದ್ದಳಂತೆ, ಅವಳ ವಿದ್ಯಾರ್ಥಿಗಳು ಹೇಳುತ್ತಾರೆ.

“ಕಾರಲ್ಲಿ ಬಂದು, ಮನೇಲಿ ಎಷ್ಟು ಜನ, ಹಸು ಎಷ್ಟು, ಜಮೀನು ಎಷ್ಟು, ಯಾರಿಗಾದರೂ ಕಾಯಿಲೆ ಇದೆಯಾ ಅಂತ ಕೇಳೋರು ಯಾರು ವಿನಯ್?”

“ಸಮೀಕ್ಷೆಯವರು.”

“ಅದು ಪುಣೇಲಿ. ನಮ್ಮ ಕಡೆ ಗಂಡಿನ ಕಡೆಯವರು.”

ನಿವೃತ್ತಿಯಾದಾಗಿನಿಂದ ತಾನು ಮಾಡುತ್ತಿರುವುದೇ ಆ ಕೆಲಸ, ಆದರೂ ತನಗೇ ಹೊಳೆಯಲಿಲ್ಲ ಎಂದು ಇಂದಿರ ಹಣೆ ಚಚ್ಚಿಕೊಂಡಳು. ಹೆಣ್ಣು ಮಕ್ಕಳಿರುವ ಊರಿಗೆ ಕಾರಿನಲ್ಲಿ ಹೋಗಿ ಕಾಯಿಲೆ ವಿಚಾರಿಸಿದರೆ ಯಾರು ತಾನೇ ಒಪ್ಪಿಕೊಳ್ಳುತ್ತಾರೆ? ತಂದೆಗೆ ಸಕ್ಕರೆ ಕಾಯಿಲೆ ಎಂದರೆ ಮಗಳ ಸಂಬಂಧ ಮುರಿಯುತ್ತದೆ. ಬಸ್ಸಿನಲ್ಲಿ ಜೋತಾಡಿಕೊಂಡು ಬಂದವರನ್ನು ಗಂಡಿನ ಕಡೆಯವರು ಎಂದು ಹಟ್ಟಿಯವರು ಕನಸಿನಲ್ಲೂ ಎಣಿಸಲಿಲ್ಲ, ಅದಕ್ಕೆ ನಿಜ ಹೇಳಿದರು. ನಾವೂ ಆ ದಿನ ಬೆಳಿಗ್ಗೆ ನಮ್ಮ ಪಕ್ಕದ ಮನೆಯ ಶಿವಶಂಕರ್ ಅವರ ಕಾರಿನಲ್ಲೇ ಹೋಗಿದ್ದೆವು. ಕೋಡುಬಳೆಯ ಗುಟ್ಟು ನನಗೆ ಆಗ ತಿಳಿಯಿತು.

ವಿನಯ್ ಜೋರಾಗಿ ನಕ್ಕ. ನಗುವಾಗ ಕಿವಿ ಕೆಂಪಾದವು. ಓದಿದ ಹುಡುಗ, ತಪ್ಪು ಕಂಡು ನಾಚಿಕೊಂಡ ಎಂದು ನಾನು ತಿಳಿದೆ.

“ಬನ್ನಿ, ಬಸ್ಸಲ್ಲಿ ಹೋಗಿ ಇನ್ನೊಂದು ಸಲ ಕೇಳೋಣ,” ಎಂದಳು ಇಂದಿರ. ಅವನು ಸಂಜೆ ಕೆಲಸವಿದೆ ಎಂದ, ನಾಳೆ ನೋಡೋಣ ಎಂದ. ನಾಳೆ ಬುಧವಾರ, ನಾಡಿದ್ದು ಸಭೆ ಎಂದು ಅವಳು ಚೀಲ ಹೆಗಲಿಗೇರಿಸಿ ನಿಂತಳು. ಹೆಡ್‌ಮಾಸ್ಟರುಗಳೇ ಎದುರಾಡದ ಆ ನಿಲುವಿಗೆ ಹುಡುಗ ಎಲ್ಲಿ ಎದುರಾಡಿಯಾನು?

ಕಾರನ್ನು ಹೋಟೆಲಿನಲ್ಲೇ ಬಿಟ್ಟು ಬಸ್ಸು ಹತ್ತಿದೆವು. ಪಾಂಡವಪುರದಲ್ಲಿ ಬದಲಿಸಿದ ಎರಡನೇ ಬಸ್ಸು ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳಿತು. ನನಗೆ ಸೀಟು ಸಿಕ್ಕಿತು, ಪತ್ತೇದಾರಿಣಿಗೆ ಸಿಗಲಿಲ್ಲ. ಎದ್ದು ಕೊಡಹೋದರೆ, ನೀವು ಕೂತಿರಿ, ನನಗೆ ಯೋಚನೆ ಮಾಡೋದಿದೆ ಎಂದಳು.

ಅತ್ತೀಕೊಪ್ಪಲಿನಲ್ಲಿ ಇಳಿದಾಗ ಬಿಸಿಲು ಇನ್ನೂ ಇತ್ತು. ಸಮೀಕ್ಷೆ ಮಾಡಿದವನನ್ನು ಕಂಡರೆ ಜನ ಮತ್ತೆ ಬಾಯಿ ಮುಚ್ಚಿಕೊಂಡಾರು, ಕರೆಯುವವರೆಗೆ ಇಲ್ಲೇ ಇರಿ ಎಂದು ವಿನಯ್‌ನನ್ನು ಟೀ ಅಂಗಡಿಯ ಬೆಂಚಿನ ಮೇಲೆ ಕೂರಿಸಿ ನಾವಿಬ್ಬರೂ ನಡೆದೆವು.

ಮಂಚಮ್ಮ ಜಗಲಿಯಿಂದಲೇ ನೋಡಿದರು. ಕಾರು ಎಲ್ಲಿ ಎಂದು ಅವರ ಕಣ್ಣು ನಮ್ಮ ಹಿಂದೆ ಹುಡುಕಿತು.

“ಮಂಚಮ್ಮ, ನಮಗೆ ಗಂಡು ಮಕ್ಕಳೇ ಇಲ್ಲ,” ಎಂದಳು ಇಂದಿರ. “ಒಬ್ಬಳೇ ಮಗಳು, ಮದುವೆ ಆಗಿದೆ. ನಾವು ಹೆಣ್ಣು ನೋಡೋಕೆ ಬಂದೋರಲ್ಲ. ಯಾರ ಮನೆ ಹೆಣ್ಣನ್ನೂ.”

ಮಂಚಮ್ಮ ನಮ್ಮನ್ನು ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ಕಂಬಕ್ಕೆ ಒರಗಿ, ಬೆಳಿಗ್ಗೆಯಿಂದ ತಡೆದಿಟ್ಟಿದ್ದ ಕೆಮ್ಮನ್ನೆಲ್ಲ ಮನಸಾರೆ ಕೆಮ್ಮಿದರು.

“ಮೊದ್ಲೇ ಯೋಳ್ಬಾರ್ದಾ? ಉಸ್ರು ಕಟ್ಕೊಂಡು ಪ್ರಾಣ ಓದಂಗಾಗಿತ್ತು,” ಎಂದು ಬೈದರು.

ಇನ್ನು ಅಲ್ಲಿ ನಡೆದದ್ದು ಜಾತ್ರೆ. ಎದುರು ಮನೆಯಿಂದ ಚಿಕ್ಕಸ್ವಾಮಿ ಕುಂಟುತ್ತಾ ಬಂದು ಚಪ್ಪಲಿಯ ಮೇಲಿನ ಆರೋಪ ವಾಪಸ್ಸು ಪಡೆದರು. ಅಕ್ಕಪಕ್ಕದವರು ಸೇರಿದರು. ಒಬ್ಬರಿಗೆ ಮಂಡಿ, ಒಬ್ಬರಿಗೆ ಗ್ಯಾಸ್ಟ್ರಿಕ್ಕು, ಇನ್ನೊಬ್ಬರಿಗೆ ತಲೆ ಸುತ್ತು. ನಿನ್ನದೇನು ಮಹಾ, ನನ್ನ ಬಿ.ಪಿ. ಕೇಳು ಎಂದು ಪೈಪೋಟಿಗೇ ಬಿದ್ದರು. ಮಾತ್ರೆ ಶೀಟುಗಳು ಕನ್ನಡಿಯ ಹಿಂದಿನಿಂದ, ದೇವರ ಗೂಡಿನಿಂದ, ಅಕ್ಕಿ ಡಬ್ಬದಿಂದ ಹೊರಬಂದವು. ಎಲ್ಲವೂ ನರ್ಸಮ್ಮ ಕೊಟ್ಟವೇ. ಅಮೂಲ್ಯಾ ಒಂದು ಮಾತ್ರೆಯನ್ನೂ ಮಾರಿಲ್ಲ ಎನ್ನುವುದಕ್ಕೆ ಊರೇ ಕಣ್ಣೆದುರು ಸಾಕ್ಷಿಯಾಗಿ ನಿಂತಿತ್ತು. ನನಗೆ ಕುಣಿಯಬೇಕು ಅನ್ನಿಸಿತು, ಮಂಡಿ ಬಿಡಲಿಲ್ಲ.

ನಿಮ್ಮ ನಿಮ್ಮ ಹೆಣ್ಣು ಮಕ್ಕಳ ಮದುವೆಗೆ ಹೆದರಿ ಒಂದು ಹುಡುಗಿಯನ್ನು ಬಲಿಕೊಡುತ್ತಿದ್ದಿರಲ್ಲ ಎಂದು ಇಂದಿರ ಸ್ವಲ್ಪ ಗದರಿಯೇ ಹೇಳಿದಳು.

ಮಂಚಮ್ಮನ ಮುಖ ಬದಲಾಯಿತು.

“ನಮ್ ಎಣ್ಮಕ್ಳ ಮದ್ವೆಗಲ್ಲ ಕಣ್ರಮ್ಮ. ಈ ಬೀದೀಲಿ ಮದ್ವೆಗಿರೋ ಎಣ್ಮಕ್ಳೇ ಇಲ್ಲ. ನರ್ಸಮ್ಮನ ಮದ್ವೆಗೆ. ಆಯಮ್ಮನ್ನ ನೋಡಕ್ಕೆ ಗಂಡಿನ ಕಡೆಯೋರು ಬಂದಿದ್ರು. ಊರೆಲ್ಲ ಕಾಯ್ಲೆ ಅಂದ್ರೆ, ಇವ್ಳೇನ್ ನರ್ಸು ಅಂತ ಅಂದ್ಕೊಳಲ್ವಾ? ಅದ್ಕೇಯ, ಇವ್ಳು ಬಂದ್ಮೇಲೆ ಕಾಯ್ಲೇನೇ ಇಲ್ಲ ಅಂದ್ಬುಟ್ಟೋ, ಎಲ್ರೂವೆ.”

ಹೆತ್ತವರು ದೂರದಲ್ಲಿರುವ ಹುಡುಗಿಗೆ ಒಳ್ಳೆಯ ಗಂಡು ಸಿಗಲಿ ಎಂದು ಒಂದು ಊರು ತನ್ನ ಕೆಮ್ಮನ್ನೂ ಹುಣ್ಣನ್ನೂ ನುಂಗಿಕೊಂಡಿತ್ತು. ಆ ಪ್ರೀತಿಯೇ ಅವಳನ್ನು ಕಳ್ಳಿಯಾಗಿಸಿತ್ತು. ಬೆಳಿಗ್ಗೆ ನಮ್ಮನ್ನೂ ಅವಳ ಅತ್ತೆ ಮಾವ ಎಂದೇ ಇವರು ತಿಳಿದಿದ್ದರು.

“ಗಂಡಿನ ಕಡೆಯವರು ಅಂತ ಹೇಗೆ ಗೊತ್ತಾಯಿತು?” ಎಂದಳು ಇಂದಿರ. ಅವಳ ದನಿ ತಣ್ಣಗಾಗಿತ್ತು. ನನಗೆ ಆ ದನಿ ಗೊತ್ತು.

ಅದಕ್ಕೇನು ಪಂಡಿತರು ಬೇಕೇ ಎಂದು ಮಂಚಮ್ಮ ವಿವರಿಸಿದರು. ಕಾರು ಮೊದಲು ನಿಂತಿದ್ದೇ ನರ್ಸಮ್ಮನ ಮನೆ ಮುಂದೆ. ಹುಡುಗರ ಜೊತೆ ರೇಷ್ಮೆ ಸೀರೆ ಉಟ್ಟ ಒಬ್ಬರು ಹಿರಿಯ ಹೆಂಗಸು ಇಳಿದರು. ಕೈಯಲ್ಲಿ ಹೂವು ಹಣ್ಣಿನ ತಟ್ಟೆ ಇತ್ತು. ಹುಡುಗರು ಮನೆ ಮನೆ ತಿರುಗುವಷ್ಟು ಹೊತ್ತೂ ಆಕೆ ನರ್ಸಮ್ಮನ ಮನೆಯ ಒಳಗೇ ಇದ್ದರು.

ಅಷ್ಟರಲ್ಲಿ, ನಾವು ಕರೆಯುವ ಮೊದಲೇ, ಟೀ ಅಂಗಡಿಯ ಕಡೆಯಿಂದ ವಿನಯ್ ಬರುತ್ತಿದ್ದ. ಗದ್ದಲ ಕೇಳಿ ಎದ್ದು ಬಂದಿರಬೇಕು.

ಜಗಲಿಯ ಮೇಲಿನ ಕೆಮ್ಮೆಲ್ಲ ಒಂದೇ ಸಲ ನಿಂತಿತು. ಚಿಕ್ಕಸ್ವಾಮಿ ಪಟ್ಟಿ ಕಟ್ಟಿದ ಕಾಲನ್ನು ಪಂಚೆಯೊಳಗೆ ಎಳೆದುಕೊಂಡರು. ಮಂಡಿ ಹಿಡಿದು ಕೂತಿದ್ದವರು ನೆಟ್ಟಗೆ ನಿಂತರು. ಮಾತ್ರೆ ಶೀಟುಗಳು ಸೆರಗಿನೊಳಗೆ ಸೇರಿದವು.

“ಈಗೇನಾಯಿತು ಮಂಚಮ್ಮ?”

“ಸುಮ್ಕಿರಿ ಅಮ್ಮಾವ್ರೇ,” ಎಂದು ಅವರು ಪಿಸುಗುಟ್ಟಿದರು, ಬರುತ್ತಿದ್ದವನಿಗೆ ಅಗಲವಾಗಿ ನಗುತ್ತಲೇ. “ಅವ್ರೇ ಕಣ್ರಮ್ಮ ಗಂಡು. ಅವತ್ತು ತಾಯಿ ಕರ್ಕೊಂಡು ಬಂದಿದ್ದೋರು.”

ವಿನಯ್ ಜಗಲಿಯ ಕೆಳಗೆ ಬಂದು ನಿಂತ. ಇಂದಿರಳ ಮುಖ ನೋಡಿದೊಡನೆ ಅವನಿಗೆ ಎಲ್ಲ ಅರ್ಥವಾಯಿತು. ಕಿವಿ ಮತ್ತೆ ಕೆಂಪಾದವು, ಈ ಸಲ ನಗು ಇರಲಿಲ್ಲ.

“ಮೂರೇ ಜನ ಅಂದಿರಿ. ನಿಮ್ಮ ತಾಯೀನ ಲೆಕ್ಕಕ್ಕೆ ಹಿಡೀಲಿಲ್ಲ.”

“ಅದು ನನ್ನ ಸ್ವಂತ ವಿಷಯ ಮೇಡಂ.”

“ಅಮೂಲ್ಯಾಳ ಕೆಲಸ ಹೋಗೋದು, ಮಾನ ಹೋಗೋದು ಸ್ವಂತ ವಿಷಯ ಅಲ್ಲ. ಬಂದು ಹೆಣ್ಣು ನೋಡಿದಿರಿ. ಅವಳು ಬೇಡ ಅಂದಳು. ಅದಕ್ಕೆ ಹೀಗೆ ಬರೆದಿರಾ?”

ಬೆಳಿಗ್ಗೆಯಿಂದ ನಾನು ಹುಡುಕುತ್ತಿದ್ದ ಕಳ್ಳ ಸಿಕ್ಕಿದ ಎಂದು ನನಗನ್ನಿಸಿತು. ಎಷ್ಟು ಸರಳ, ಎಷ್ಟು ಹಳೆಯ ಕಥೆ. ನನ್ನ ಫ್ಯಾನಿನ ಗಾಳಿ ವಿಚಾರಿಸಿದ ಹುಡುಗನ ಮೇಲೆ ಆಗ ಚೆನ್ನಾಗಿಯೇ ಕೋಪ ಬಂತು.

ವಿನಯ್‌ನ ದೃಷ್ಟಿ ನಮ್ಮನ್ನು ದಾಟಿ ಬೀದಿಯ ಆ ಬದಿಗೆ ಹೋಯಿತು. ತಿರುಗಿ ನೋಡಿದೆ. ಉಪಕೇಂದ್ರದಿಂದ ಅಮೂಲ್ಯಾ ಬಂದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಊರಿನವರ ಮಾತನ್ನೆಲ್ಲ ಕೇಳಿದ್ದಳೆಂದು ಅವಳ ಕಣ್ಣೇ ಹೇಳುತ್ತಿತ್ತು. ಆದರೆ ಅವಳು ನೋಡುತ್ತಿದ್ದುದು ವಿನಯ್‌ನನ್ನು ಮಾತ್ರ.

“ನಾನು ಬೇಡ ಅಂದಿಲ್ಲ ಮೇಡಂ,” ಎಂದಳು. “ಅವತ್ತು ಸಂಜೆಯೇ ಒಪ್ಪಿಗೆ ಅಂತ ಹೇಳಿ ಕಳಿಸಿದೆ. ಇವರು ವರದಿ ಕೊಟ್ಟಿದ್ದು ಅದಾದ ಮೇಲೆ. ಇದು ನನ್ನ ಕೇಂದ್ರ ಅಂತ ಗೊತ್ತಿದ್ದೂ ಜನ ಹೇಳಿದ್ದನ್ನೇ ಬರೆದರು, ಸೇಡಿಗಲ್ಲ.”